ಕಂಬವಿಲ್ಲದ ಲೈನು

ಮೊನ್ನೆ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತುಬಂದಿತ್ತು. ಅಂಗಡಿಯಿಂದ ಕರೀ ಇನ್ಸುಲೇಷನ್ ಟೇಪು ತಂದು, ಕತ್ತರಿ ಕೈಗೆ ಸಿಗದೆ, ಹಲ್ಲಿನಲ್ಲೇ ಕಚ್ಚಿ ಹರಿದೆ. ಆ ಟೇಪಿನ ವಾಸನೆ ಇದೆಯಲ್ಲ, ಸೀಮೆಎಣ್ಣೆಯದೂ ಅಲ್ಲ, ರಬ್ಬರಿನದೂ ಅಲ್ಲ, ಎರಡರ ನಡುವಿನದು... ಅದು ಮೂಗಿಗೆ ಬಡಿದದ್ದೇ ತಡ, ಹಾಸನದ ಈ ಮನೆಯಲ್ಲಿ ನಿಂತಿದ್ದವಳು ಸೀದಾ ಹೊಳೆನರಸೀಪುರದ ನಮ್ಮ ಹಳೇ ಮನೆಯ ಪಡಸಾಲೆಗೆ ಹೋಗಿಬಿಟ್ಟೆ. ಅಲ್ಲಿ ಲೈನ್‌ಮನ್ನರು ಕೂತಿದ್ದರು. ಎಡಗೈಗೆ ಟೇಪಿನ ಸುರುಳಿಯನ್ನು ಬಳೆಯ ಹಾಗೆ ಹಾಕಿಕೊಂಡು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಅವರಿಗೊಂದು ಹೆಸರಿತ್ತು, ಇಲ್ಲದೆ ಏನು. ಆದರೆ ನಮ್ಮ ಬೀದಿಯಲ್ಲಿ ಅದನ್ನು ಬಳಸಿದವರನ್ನು ನಾನು ಕಾಣೆ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ, ತಾಲ್ಲೂಕಿನ ಕಂಬಗಳನ್ನೆಲ್ಲ ಹತ್ತಿ ಇಳಿದು ನಿವೃತ್ತರಾದವರು. ಮನೆ ನಮ್ಮ ಹಿಂದಿನ ಬೀದಿಯಲ್ಲಿ. ನಿವೃತ್ತಿಯಾದದ್ದು ಇಲಾಖೆಯ ಲೆಕ್ಕಕ್ಕೆ ಮಾತ್ರ. ಬೆಳಿಗ್ಗೆ ಹಾಲಿಗೆ ಹೊರಟರೆ ತಲೆಯೆತ್ತಿ ಒಂದೊಂದು ಕಂಬವನ್ನೂ ಯೋಗಕ್ಷೇಮ ವಿಚಾರಿಸುವವರ ಹಾಗೆ ನೋಡಿಕೊಂಡೇ ಹೋಗುತ್ತಿದ್ದರು. ಒಮ್ಮೆ ಹಾಗೆ ಮೇಲೆ ನೋಡುತ್ತಾ ಹೋಗಿ ಮಲಗಿದ್ದ ಎಮ್ಮೆಯ ಮೇಲೆ ಬಿದ್ದರು. ಎದ್ದು ಪಂಚೆ ಕೊಡವಿಕೊಂಡು, "ಜಾಯಿಂಟು ಸಡ್ಲ ಆಗದೆ" ಅಂದರಂತೆ. ಎಮ್ಮೆಯ ವಿಷಯಕ್ಕೆ ಅಲ್ಲ, ಕಂಬದ ವಿಷಯಕ್ಕೆ.

ನಾನು ಚನ್ನರಾಯಪಟ್ಟಣದವಳು, ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದವಳು. "ಪಟ್ಟಣದ ಹುಡುಗೀರಿಗೆ ಬಾಯಿ ಮೊದಲು, ಬುದ್ಧಿ ಆಮೇಲೆ" ಎಂದು ನಮ್ಮತ್ತೆ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಸುಳ್ಳು ಎನ್ನಲು ನನ್ನ ಹತ್ತಿರ ಸಾಕ್ಷಿಯಿರಲಿಲ್ಲ. ನಮ್ಮ ಯಜಮಾನರು ಅರಕಲಗೂಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಎಂಟರ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಅಷ್ಟು ಹೊತ್ತೂ ಆ ದೊಡ್ಡ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಜಗಳವಾಡುವುದಕ್ಕೆ ಅಷ್ಟು ಜನ ಸಾಕು.

ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು. ನಾನು ಕನ್ನಡ ಟೈಪಿಂಗು ಕಲಿತಿದ್ದೆ. ಹಾಸನದ ಒಂದು ಸಣ್ಣ ಪ್ರೆಸ್ಸಿನವರು ಮದುವೆ, ಗೃಹಪ್ರವೇಶ, ಉಪನಯನದ ಕರೆಯೋಲೆಗಳನ್ನು ಟೈಪು ಮಾಡಲು ಕೊಡುತ್ತಿದ್ದರು. ಸಂಜೆ ಫೋನಿನಲ್ಲಿ ಒಕ್ಕಣೆ ಓದಿ ಹೇಳುವರು, ನಾನು ಬರೆದುಕೊಂಡು ರಾತ್ರಿ ಟೈಪು ಮಾಡುವೆ, ಬೆಳಿಗ್ಗೆ ಮನೆಯವರ ತಿದ್ದುಪಡಿ ಬರುವುದು. ಎಲ್ಲ ಸರಿಮಾಡಿ ಹನ್ನೊಂದು ಗಂಟೆಯೊಳಗೆ ಇಮೇಲ್ ಮಾಡಬೇಕು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನನ್ನದು ಎಂದು ಸಿಕ್ಕಿದ ಮೊದಲನೆಯ ಕೆಲಸ ಅದು. ಯಾರದೋ ಮದುವೆ ಮನೆಯಲ್ಲಿ ಅಕ್ಷತೆ ಹಿಡಿದು ಕೂತಾಗ ಕೈಗೆ ಬಂದ ಕರೆಯೋಲೆ ನಾನೇ ಟೈಪು ಮಾಡಿದ್ದು ಎಂದು ಗೊತ್ತಾದರೆ, ವಧುವಿನ ತಾಯಿಗಿಂತ ಹೆಚ್ಚು ಬೀಗುತ್ತಿದ್ದೆ.

ಕಂಪ್ಯೂಟರು ಮಾತ್ರ ಮುದುಕ. ಹಾಸನದ ಯಾವುದೋ ಆಫೀಸಿನವರು ಹೊಸದು ತಂದು ಹಳೆಯದನ್ನು ಹೊರಗೆ ಹಾಕಿದಾಗ ಯಜಮಾನರು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಬೆಳಿಗ್ಗೆ ಗುಂಡಿ ಒತ್ತಿ ಅಡುಗೆಮನೆಗೆ ಹೋದರೆ, ಅದು ಪೂರಾ ಎಚ್ಚರವಾಗುವ ಹೊತ್ತಿಗೆ ನಾನು ಹುಳಿಗೆ ತರಕಾರಿ ಹೆಚ್ಚಿ ಮುಗಿಸಿರುತ್ತಿದ್ದೆ. ಅದನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದೆವು. ಫೋನಿದ್ದದ್ದು ಮುಂದಿನ ಪಡಸಾಲೆಯಲ್ಲಿ. ಎರಡರ ನಡುವೆ ನಡುಮನೆ, ಅದರ ಪಕ್ಕದಲ್ಲೇ ದೇವರಮನೆ. ವೈರು ಎಳೆಯೋಣವೆಂದರೆ ಅತ್ತೆ, "ಮಡೀಲಿ ಓಡಾಡೋ ಜಾಗದಲ್ಲಿ ಹಾವು ಬಿದ್ದ ಹಾಗೆ ಅದು ಬಿದ್ದಿರೋದು ಬೇಡ" ಅಂದರು. ಗೋಡೆ ಕೊರೆಯೋಣವೆಂದರೆ ಎರಡಡಿ ದಪ್ಪದ ಮಣ್ಣಿನ ಗೋಡೆ. ಕೊನೆಗೆ ಯಜಮಾನರು ವೈರ್‌ಲೆಸ್ ತಂದರು. ಒಂಟಿ ಕೊಂಬಿನ ಮೋಡೆಮ್ಮು ಪಡಸಾಲೆಯ ಗೋಡೆಗೂಡಿನಲ್ಲಿ ಕೂತಿತು. ಆ ಸಿಗ್ನಲ್ ಹಿಡಿಯುವ, ಬೆರಳುದ್ದದ ಒಂದು ಡಾಂಗಲ್ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಕೊಂಡಿತು. ಮೂರೂ ಕೋಣೆಗಳ ಬಾಗಿಲು ಒಂದೇ ಸಾಲಿನಲ್ಲಿದ್ದುದರಿಂದ ಸಿಗ್ನಲ್ ಸಲೀಸಾಗಿ ಹರಿದುಬರುತ್ತದೆ ಎಂದು ಅಂಗಡಿಯವನು ಧೈರ್ಯ ಹೇಳಿದ್ದನಂತೆ. ಪರದೆಯ ಮೂಲೆಯಲ್ಲಿ ಐದು ಹಸಿರು ಗೆರೆ ಮೂಡಿದಾಗ ಅತ್ತೆಯೂ ಬಂದು ನೋಡಿ, "ಹಸಿರಾಗಿದೆ, ಒಳ್ಳೇದಾಯ್ತು" ಎಂದರು.

ಒಳ್ಳೆಯದಾದದ್ದು ಸಂಜೆಗಳಲ್ಲಿ ಮಾತ್ರ. ಬೆಳಿಗ್ಗೆ ಒಂಬತ್ತು ಹೊಡೆಯಿತೋ ಇಲ್ಲವೋ, ಐದು ಗೆರೆ ಎರಡಾಗುತ್ತಿತ್ತು, ಎರಡು ಒಂದಾಗುತ್ತಿತ್ತು, ಆಮೇಲೆ ಕೆಂಪು ಗುಣಿಸು ಚಿಹ್ನೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಐದೂ ಗೆರೆ ಹಾಜರ್! ಆ ಗಳಿಗೆಯಲ್ಲಿ ಕಂಪ್ಯೂಟರಿಗೆ ಎರಡು ಬಿಡೋಣ ಅನ್ನಿಸುತ್ತಿತ್ತು. ಬಿಟ್ಟಿದ್ದೇನೆ ಕೂಡ. ಫೈಲನ್ನು ಫ್ಲಾಪಿಗೆ ಹಾಕಿಕೊಂಡು, ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ಬಸ್‌ಸ್ಟ್ಯಾಂಡಿನ ಇಂಟರ್ನೆಟ್ ಅಂಗಡಿಗೆ ಓಡಿದ ದಿನಗಳಿಗೆ ಲೆಕ್ಕವಿಲ್ಲ. ಒಂದು ದಿನ ಆ ಫ್ಲಾಪಿಯೂ ಕೈಕೊಟ್ಟು, ಒಂದು ಕರೆಯೋಲೆ ತಡವಾಗಿ, ಪ್ರೆಸ್ಸಿನವರು ಫೋನು ಮಾಡಿದರು. ಸಾಧು ಮನುಷ್ಯ. "ತಪ್ಪು ತಿಳ್ಕೋಬೇಡೀಮ್ಮ. ಇನ್ನೊಂದ್ಸಲ ಹಿಂಗಾದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ" ಎಂದರು. ಬೈದಿದ್ದರೆ ವಾಪಸು ಬೈಯಬಹುದಿತ್ತು. ಮೆತ್ತಗೆ ಹೇಳಿದರು ನೋಡಿ, ಅಳು ಬಂತು.

ಹಾಸನದಿಂದ ಕಂಪ್ಯೂಟರ್ ಪಂಡಿತರೊಬ್ಬರು ಬಂದು ವೈರಸ್ಸು ಎಂದರು. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿ ಹೋದರು. ಮರುದಿನ ಒಂಬತ್ತಕ್ಕೆ ಮತ್ತೆ ಕೆಂಪು ಗುರುತು. ಕೊನೆಗೆ ಯಜಮಾನರೇ ಅಂದರು, "ಲೈನ್‌ಮನ್ನರನ್ನ ಒಂದ್ಮಾತು ಕೇಳೋಣ." ನಾನು ನಕ್ಕೆ. ಎತ್ತಣ ಕಂಬ, ಎತ್ತಣ ಕಂಪ್ಯೂಟರು.

ಲೈನ್‌ಮನ್ನರೂ ನಕ್ಕರು. ಮೋಡೆಮ್ಮನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ವೈರೇ ಇಲ್ವಾ? ಕಂಬಾನೂ ಇಲ್ವಾ? ಮತ್ ನಾನೇನ್ ಅತ್ಲಿ ತಾಯಿ?" ಅಂದರು. ಆಮೇಲೆ ತಲೆ ಕೆರೆದುಕೊಂಡು, "ಲೈನು ಅಂದ್ಮ್ಯಾಕೆ ಒಂದು ದಾರಿ ಇರ್ಲೇಬೇಕು. ಕಣ್ಗೆ ಕಾಣಾಕಿಲ್ಲ, ಅಷ್ಟೆಯ. ನಡ್ದು ನೋಡಾನ" ಎಂದರು.

ಅದು ಅವರ ಪದ್ಧತಿ. ಫೋನು ಕೆಟ್ಟಿದೆ ಎಂದರೆ ಫೋನನ್ನು ಮುಟ್ಟುತ್ತಲೇ ಇರಲಿಲ್ಲ. ಕಂಬದಿಂದ ಹಿಡಿದು ಮನೆಯವರೆಗೆ ಲೈನಿನ ಉದ್ದಕ್ಕೂ ನಡೆಯುವುದು, ಎಲ್ಲಿ ಏನು ತಾಗುತ್ತಿದೆ ನೋಡುವುದು, ಕೊನೆಗೆ ಬೇಕಿದ್ದರೆ ಫೋನು. ಅಂದೂ ಪಡಸಾಲೆಯ ಗೋಡೆಗೂಡಿನಿಂದ ಹೊರಟು, ತಲೆಯೆತ್ತಿಕೊಂಡು ನಡೆದು, ನಡುಮನೆಯ ಹೊಸ್ತಿಲಲ್ಲಿ ನಿಂತರು. ಅಲ್ಲಿಂದ ಮುಂದಕ್ಕೆ ಅವರು ಎಂದೂ ಬಂದವರಲ್ಲ. ಬರಬೇಡ ಎಂದು ಅತ್ತೆ ಬಾಯಿಬಿಟ್ಟು ಹೇಳಿದವರೂ ಅಲ್ಲ. ಆ ಗೆರೆ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಆ ಕಾಲದಲ್ಲಿ ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ, ನಾನೂ ಮಾಡಲಿಲ್ಲ. ಅವರು ಹೊರಗೆ ಹೋಗಿ, ಚಪ್ಪಲಿ ಮೆಟ್ಟಿ, ಬೀದಿ ಸುತ್ತಿ, ಹಿತ್ತಲ ಬಾಗಿಲಿಂದ ಹಿಂದಿನ ಕೋಣೆಗೆ ಬಂದರು. ಡಾಂಗಲ್ ಅಲ್ಲಾಡುತ್ತಿದ್ದುದನ್ನು ಕಂಡು ಟೇಪು ಸುತ್ತಿದರು. ಮತ್ತೆ ಬೀದಿ ಸುತ್ತಿ ಪಡಸಾಲೆಗೆ ಬಂದು ಫೋನಿನ ಜಾಯಿಂಟು ಬಿಗಿ ಮಾಡಿದರು. ಒಟ್ಟು ನಾಲ್ಕು ಸುತ್ತಾಯಿತು. ಎದುರುಮನೆಯವರು, "ಏನ್ರೀ, ಲೈನ್‌ಮನ್ನರು ಪ್ರದಕ್ಷಿಣೆ ಹಾಕ್ತಿದಾರೆ?" ಎಂದು ಕೇಳಿದರು.

ಮರುದಿನ ಒಂಬತ್ತಕ್ಕೆ ಗೆರೆಗಳು ಮತ್ತೆ ಹೋದವು. ಆಗ ಅವರು, "ಒಂದು ಉದ್ದನೆ ನೋಟ್‌ಬುಕ್ ಮಡೀಕಳಿ ತಾಯಿ" ಎಂದರು. ಇಲಾಖೆಯಲ್ಲಿ ಫಾಲ್ಟ್ ಪುಸ್ತಕ ಅಂತ ಇರುತ್ತಿತ್ತಂತೆ. ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಮಳೆಯೋ ಬಿಸಿಲೋ, ಮನೆಯಲ್ಲಿ ಆಗ ಏನು ನಡೆದಿತ್ತು, ಎಲ್ಲವನ್ನೂ ಬರೆಯಬೇಕು. "ಬರ್ಕಂತಾ ಇದ್ರೆ ಫಾಲ್ಟು ತಾನಾಗೇ ಬಂದು ಸಿಕ್ಕಾಕತ್ತದೆ." ನಾನು ಬರೆದೆ. ಮಿಕ್ಸಿ ಓಡುತ್ತಿತ್ತು, ಓಡುತ್ತಿರಲಿಲ್ಲ. ಕೋತಿ ಬಂದಿತ್ತು, ಬಂದಿರಲಿಲ್ಲ. ಪಕ್ಕದ ಮನೆ ಟೀವಿ ಹಾಕಿದ್ದರು. ಮೋಡ. ಬಿಸಿಲು. ಎರಡು ವಾರ ಬರೆದೆ. ಈ ಮಧ್ಯೆ ಫೈಲುಗಳನ್ನು ಹಿಡಿದು ಬಸ್‌ಸ್ಟ್ಯಾಂಡಿಗೆ ಓಡುವುದು ಮಾತ್ರ ತಪ್ಪಲಿಲ್ಲ. ಪ್ರೆಸ್ಸಿನವರ ಆ ಮೆತ್ತಗಿನ ಮಾತು ಕಿವಿಯಲ್ಲೇ ಇತ್ತು.

ಒಂದು ಬೆಳಿಗ್ಗೆ ಪುಸ್ತಕ ಹಿಂದಿನಿಂದ ತಿರುವಿ ಹಾಕುತ್ತಿದ್ದೆ. ಮೂರು ದಿನ ಒಂದು ಸಲವೂ ಲೈನು ಹೋಗಿರಲಿಲ್ಲ. ಒಂದರ ಹಿಂದೆ ಒಂದು, ಮೂರು ದಿನ. ಏನಿತ್ತು ಆ ಮೂರು ದಿನ? ಅತ್ತೆ ತಮ್ಮ ತಂಗಿಯ ಜೊತೆ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋಗಿದ್ದರು.

ನನ್ನ ಮೈ ಬಿಸಿಯಾಯಿತು. ಅತ್ತೆ ಮನೆಯಲ್ಲಿದ್ದರೆ ಲೈನು ಹೋಗುತ್ತದೆ, ಇಲ್ಲದಿದ್ದರೆ ಹೋಗುವುದಿಲ್ಲ. ಇನ್ನೇನು ಬೇಕು? ಮೋಡೆಮ್ಮಿನ ಸ್ವಿಚ್ಚು ಪಡಸಾಲೆಯಲ್ಲಿ, ಅತ್ತೆ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಆ ದಾರಿಯಲ್ಲೇ ಹೋಗುವುದು, ನಾನಿರುವುದು ಹಿಂದಿನ ಕೋಣೆಯಲ್ಲಿ. "ಮನೆಕೆಲಸ ಬಿಟ್ಟು ಡಬ್ಬದ ಮುಂದೆ ಕೂರ್ತೀಯಲ್ಲೇ" ಎಂದು ವಾರಕ್ಕೆ ಎರಡು ಸಲವಾದರೂ ಅಂದವರು ಅವರೇ. ಪೆನ್ನು ತೆಗೆದುಕೊಂಡು ಆ ದಿನದ ಸಾಲಿನಲ್ಲಿ ಬರೆದೇಬಿಟ್ಟೆ: ಫಾಲ್ಟ್ — ಅತ್ತೆ.

ಬರೆದು ಸುಮ್ಮನಿದ್ದಿದ್ದರೆ ಅದು ನಾನಲ್ಲ. ಲೈನ್‌ಮನ್ನರು ಅದೇ ಹೊತ್ತಿಗೆ ಬಂದು ಪಡಸಾಲೆಯಲ್ಲಿ ಕೂತಿದ್ದರು, ಅತ್ತೆ ಅವರಿಗೆ ಕಾಫಿ ತಂದಿಟ್ಟಿದ್ದರು. ನಾನು ಪುಸ್ತಕ ಹಿಡಿದುಕೊಂಡು ಬಂದು ಇಬ್ಬರೆದುರಿಗೂ, "ನನ್ನ ಕೆಲಸ ನಿಲ್ಲಿಸ್ಬೇಕು ಅಂತಲೇ ನೀವು ದಿನಾ ಸ್ವಿಚ್ ಆರಿಸ್ತಿದೀರಿ ಅಲ್ವಾ?" ಅಂದೆ.

ಅತ್ತೆ ನನ್ನನ್ನು ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. "ಆರಿಸೋ ಹಾಗಿದ್ರೆ ನಿನ್ನೆದುರಿಗೇ ಆರಿಸ್ತಿದ್ದೆ ಕಣೇ. ಕದ್ದು ಮಾಡೋ ಅಭ್ಯಾಸ ನನಗಿಲ್ಲ" ಎಂದು ಒಳಗೆ ಹೋದರು. ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು. ರಾತ್ರಿಯೂ ಸರಿಯಾಗಲಿಲ್ಲ. ಯಜಮಾನರು ನನ್ನ ಮುಖ, ಅಮ್ಮನ ಮುಖ ನೋಡಿ ಉತ್ತರ ಪತ್ರಿಕೆಗಳ ಕಂತೆಯ ಹಿಂದೆ ಅಡಗಿದರು. ಬುದ್ಧಿವಂತರು.

ಲೈನ್‌ಮನ್ನರು ಮಾತ್ರ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಿದ್ದರು. ಆ ಸಾಲನ್ನು ಓದಿದರು. ನನ್ನದೇ ಪೆನ್ನು ಕೇಳಿ, ಅದನ್ನು ಅಡ್ಡಕ್ಕೆ ಉದ್ದಕ್ಕೆ ಹೊಡೆದು, ಕಾಗದ ಹರಿಯುವ ತನಕ ಹೊಡೆದು, "ಮನುಸ್ರ್ ಮ್ಯಾಲೆ ಫಾಲ್ಟ್ ಬರೀಬ್ಯಾಡಿ ತಾಯಿ. ಲೈನ್ ಮ್ಯಾಲೆ ಬರೀರಿ" ಎಂದರು. ನನ್ನ ಪೆನ್ನನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡು, ಕಾಫಿ ಅರ್ಧಕ್ಕೇ ಬಿಟ್ಟು ಹೊರಟರು. ಮರೆವು, ವಯಸ್ಸಾಯಿತಲ್ಲ ಎಂದುಕೊಂಡೆ.

ಮಾರನೆಯ ದಿನ ಎಂಟೂವರೆಗೇ ಬಂದರು. ಪಡಸಾಲೆಯಲ್ಲಿ ನಿಂತೇ, "ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ ತಾಯಿ. ತಪ್ಪು ನಂದೇಯ. ನಾನು ಲೈನ್ ಪೂರಾ ನಡ್ದೇ ಇಲ್ಲ. ಈ ಕಡೆ ನಡ್ದೆ, ಆ ಕಡೆ ನಡ್ದೆ, ಮಧ್ಯದ್ದು ಬುಟ್ಟೆ" ಎಂದರು. ಎಂದು ನಡುಮನೆಯ ಕಡೆ ನೋಡಿದರು. ಮುಂದಕ್ಕೆ ಹೇಳಲಿಲ್ಲ. ಹೇಳುವ ಮಾತಾಗಿರಲಿಲ್ಲ ಅದು.

ಒಳಗಿಂದ ಅತ್ತೆಯ ದನಿ ಬಂತು. "ಬಾರಪ್ಪ, ಒಳಗೇ ಬಂದು ನೋಡು. ನನ್ನ ಕೈ ಎಲ್ಲೆಲ್ಲಿ ಓಡಾಡುತ್ತೆ ಅಂತ ನೀನೇ ಕಣ್ಣಾರೆ ನೋಡಿ ಹೇಳು."

ನಾನು ಆ ಮನೆಗೆ ಬಂದ ಹದಿನಾಲ್ಕು ವರ್ಷದಲ್ಲಿ ಅತ್ತೆ ಹೊರಗಿನವರೊಬ್ಬರನ್ನು ಮಡಿಯ ಹೊತ್ತಿನಲ್ಲಿ ನಡುಮನೆಗೆ ಕರೆದದ್ದು ಅದೇ ಮೊದಲು. ತಮ್ಮ ಮೇಲೆ ಬಂದ ಮಾತು ತೊಳೆದುಹೋಗಲಿ ಎಂದು, ಜನ್ಮವಿಡೀ ಕಾದುಕೊಂಡು ಬಂದ ಹೊಸ್ತಿಲನ್ನೇ ಬಿಟ್ಟುಕೊಟ್ಟರು. ಲೈನ್‌ಮನ್ನರು ಹೊರಗೆ ಹೋಗಿ ನಲ್ಲಿಯಲ್ಲಿ ಕಾಲು ತೊಳೆದು ಬಂದು, ನಡುಮನೆಯ ಗೋಡೆಗೆ ಒತ್ತಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ನಿಂತರು. ನನಗೆ ಕಂಪ್ಯೂಟರಿನ ಮುಂದೆ ಕೂತು, ಗೆರೆ ಎಷ್ಟಿದೆ ಎಂದು ಕೂಗುತ್ತಾ ಇರಲು ಹೇಳಿದರು.

"ಐದು!" ನಾನು ಕೂಗಿದೆ. ಅತ್ತೆ ಬಚ್ಚಲಿಂದ ಬಂದರು. "ಐದು!" ದೇವರಮನೆಯಲ್ಲಿ ಗಂಟೆ. "ಐದೇ ಇದೆ!" ತುಳಸಿಗೆ ನೀರು ಹಾಕಲು ಪಡಸಾಲೆ ದಾಟಿದರು, ಸ್ವಿಚ್ಚಿನ ಕಡೆ ತಿರುಗಿಯೂ ನೋಡಲಿಲ್ಲ. "ಐದು!" ವಾಪಸು ಬಂದರು. ಆಗ ತಾನೇ ಒಗೆದು ಹಿಂಡಿದ ಒಂಬತ್ತು ಗಜದ ನೂಲಿನ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ, ನಡುಮನೆಯ ಅಟ್ಟದ ತೊಲೆಗೆ ತೂಗುಹಾಕಿದ್ದ ಬಿದಿರಿನ ಗಳದ ಮೇಲೆ ಏರಿಸಿದರು. ಮಡಿ ಬಟ್ಟೆ, ಮರುದಿನ ಉಡುವ ತನಕ ಯಾರೂ ಮುಟ್ಟಬಾರದು, ಅದಕ್ಕೇ ಅಷ್ಟು ಎತ್ತರದಲ್ಲಿ ಒಣಗುವುದು. ಅತ್ತೆ ಕೋಲಿನಿಂದ ಅದನ್ನು ಮಡಿಕೆ ಮಡಿಕೆಯಾಗಿ ಇಳಿಬಿಟ್ಟರು.

"ಮೂರು!... ಎರಡು!... ಅಯ್ಯೋ, ಒಂದು!... ಹೋಯ್ತು! ಹೋಯ್ತು ಲೈನ್‌ಮನ್ನರೇ!"

ಲೈನ್‌ಮನ್ನರ ಬೋಳು ತಲೆಯ ಮೇಲೆ ಸೀರೆಯಿಂದ ಒಂದು ಹನಿ ನೀರು ಟಪ್ಪೆಂದು ಬಿತ್ತು. ಅವರು ತಲೆ ಸವರಿಕೊಂಡು ಮೇಲೆ ನೋಡಿದರು. ಒಂದು ಕಡೆ ಪಡಸಾಲೆಯ ಬಾಗಿಲು, ಇನ್ನೊಂದು ಕಡೆ ಹಿಂದಿನ ಕೋಣೆಯ ಬಾಗಿಲು, ಸರಿಯಾಗಿ ಎರಡರ ನಡುವೆ ನೀರು ಕುಡಿದ ಸೀರೆ. ಅವರ ಮುಖ ಇಷ್ಟಗಲವಾಯಿತು. "ದೊಡ್ಡಮ್ಮೋರೆ, ಅದ್ನ ಒಸಿ ಆ ಮೂಲೇಗೆ ತಳ್ತೀರಾ?"

ಅತ್ತೆ ಕೋಲಿನಿಂದ ತಳ್ಳಿದರು. "ಐದು!" ಎಂದು ನಾನು ಕಿರುಚಿದೆ. "ಈಗ ಮದ್ಲಿದ್ದ ತಾವ್ಕೆ ತರ್ರಿ." ತಂದರು. "ಹೋಯ್ತು!" ಮತ್ತೆ ತಳ್ಳಿದರು. "ಐದು!" ಇಷ್ಟಾದ ಮೇಲೆ ಲೈನ್‌ಮನ್ನರು ಹೇಳುವುದೇನೂ ಬೇಕಾಗಲಿಲ್ಲ. ಅತ್ತೆ ತಾವೇ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಳ್ಳುತ್ತಾ, "ಈಗ? ಈಗೆಷ್ಟು?" ಎಂದು ಕೇಳತೊಡಗಿದರು. ಕೇಳುತ್ತಿದ್ದದ್ದು ನನ್ನನ್ನಲ್ಲ, ಲೈನ್‌ಮನ್ನರನ್ನು. ನಾನು ಲೈನ್‌ಮನ್ನರಿಗೆ ಕೂಗಿ ಹೇಳಬೇಕು, ಅವರು ಅತ್ತೆಗೆ ಹೇಳಬೇಕು. ಹತ್ತಡಿ ದೂರದಲ್ಲಿ ನಾವಿಬ್ಬರು, ನಡುವೆ ಟ್ರಂಕ್ ಕಾಲಿನ ಆಪರೇಟರ್ ಇದ್ದ ಹಾಗೆ ಅವರು.

"ನೀರ್ ತುಂಬ್ಕಂಡಿರೋ ಸೀರೆ ಅಂದ್ರೆ ಗ್ವಾಡೆ ಕಟ್ದಂಗೇಯ" ಎಂದರು ಅವರು. ಮಧ್ಯಾಹ್ನದ ಹೊತ್ತಿಗೆ ಅದು ಒಣಗುತ್ತಿತ್ತು, ಲೈನು ಬರುತ್ತಿತ್ತು. ಅತ್ತೆ ರುದ್ರಪಟ್ಟಣದಲ್ಲಿದ್ದಾಗ ಗಳದ ಮೇಲೆ ಸೀರೆಯೇ ಇರಲಿಲ್ಲ. ಪುಸ್ತಕದಲ್ಲಿ ಕೋತಿಯ ಸಮೇತ ಎಲ್ಲ ಬರೆದಿದ್ದ ನಾನು, ದಿನಾ ತಲೆಯ ಮೇಲೆ ತೂಗುತ್ತಿದ್ದ ಸೀರೆಯನ್ನು ಒಂದು ದಿನವೂ ಬರೆದಿರಲಿಲ್ಲ. ಅದು ಇತ್ತು, ತೊಲೆ ಇದ್ದ ಹಾಗೆ ಇತ್ತು. ಯಾರು ನೋಡುತ್ತಾರೆ ಅದನ್ನು?

ಕುಣಿಯುವಷ್ಟು ಖುಷಿಯಾಗಿತ್ತು. ಆ ದಿನದ ತಿದ್ದುಪಡಿ ಮುಗಿಸುವಷ್ಟರಲ್ಲಿ ಹತ್ತೂಮುಕ್ಕಾಲು. ಹನ್ನೊಂದಕ್ಕೆ ಒಂದು ಉಪನಯನದ ಕರೆಯೋಲೆ ಹೋಗಬೇಕು. ಲೈನ್‌ಮನ್ನರು ಹಿತ್ತಲ ಬಾಗಿಲ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ದೊಡ್ಡಮ್ಮೋರ್ನ ಕೇಳ್ಬುಡಿ ತಾಯಿ, ತಪ್ಪಾಯ್ತು ಅಂತ" ಅಂದರು.

"ಕೇಳ್ತೀನಿ, ಕೇಳ್ತೀನಿ. ಫೈಲ್ ಕಳಿಸಿ, ಆಮೇಲೆ ಸಮಾಧಾನವಾಗಿ..."

"ಇವತ್ತೇ ಕೇಳ್ಬುಡಿ. ನಾಳೆ ಅಂದ್ರೆ ಗಂಟ್ಲಿಂದ ಬರಾಕಿಲ್ಲ. ನಾಳಿದ್ದು ಅಂದ್ರೆ ಮಾತೇ ಮರ್ತೋದಂಗೆ ನಟ್ನೆ ಮಾಡ್ತೀವಿ ಇಬ್ರೂವೆ. ನಾನಿಲ್ಲೇ ಕುಂತಿರ್ತೀನಿ, ಓಗಿ."

ಹಿತ್ತಲ ಮೆಟ್ಟಿಲ ಮೇಲೆ ಕೂತೇಬಿಟ್ಟರು. ನಾನು ಫೈಲು ಕಳಿಸಿದೆ, ಹತ್ತು ಐವತ್ತೆರಡಕ್ಕೆ ಹೋಯಿತು. ತಿರುಗಿ ನೋಡಿದರೆ ಆಸಾಮಿ ಕೂತೇ ಇದ್ದಾರೆ! ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಅಡುಗೆಮನೆಗೆ ಹೋದೆ. ಅತ್ತೆ ನೆಲದಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು.

"ತಪ್ಪಾಯ್ತಮ್ಮ" ಅಂದೆ.

"ಏನ್ ತಪ್ಪಾಯ್ತು?" ತಲೆ ಎತ್ತಲಿಲ್ಲ.

ಬಿಡುವ ಹೆಂಗಸೇ ಅಲ್ಲ. "ನೀವು ಸ್ವಿಚ್ ಆರಿಸ್ತೀರಿ ಅಂದದ್ದು. ಅವರೆದುರಿಗೆ ಅಂದದ್ದು. ಯೋಚ್ನೆ ಮಾಡದೆ ಅಂದದ್ದು." ನಾಚಿಕೆಯಾಗಿತ್ತು, ನಿಜವಾಗಿಯೂ ನಾಚಿಕೆಯಾಗಿತ್ತು.

ಅತ್ತೆ ಹುಣಸೆಹಣ್ಣಿನ ಮೊರವನ್ನು ನನ್ನ ಕಡೆ ಅರ್ಧ ಸರಿಸಿ, "ಕೂತ್ಕೋ. ನಾರು ಬಿಡಿಸು" ಎಂದರು. ಸ್ವಲ್ಪ ಹೊತ್ತಿಗೆ, "ನಿನ್ನೆಯಿಂದ ಹಸಿವು ಕಣೇ. ಒಂದ್ಹಿಡಿ ಅವಲಕ್ಕಿಯಾದ್ರೂ ಕಲಸು" ಅಂದರು. ನಾನು ಅಳುತ್ತಲೇ ನಕ್ಕೆ. ಅವಲಕ್ಕಿ ಕಲಸಿ, ಲೈನ್‌ಮನ್ನರಿಗೂ ಒಂದು ತಟ್ಟೆ ಹಾಕಿಕೊಂಡು ಹಿತ್ತಲಿಗೆ ಬಂದು ನೋಡಿದರೆ ಮೆಟ್ಟಿಲು ಖಾಲಿ. ನಮ್ಮಿಬ್ಬರ ಮಾತು ಕೇಳಿಸಿರಬೇಕು, ಎದ್ದು ಹೋಗಿದ್ದರು.

ಆಮೇಲಿನದು ಸುಲಭ. ಯಜಮಾನರು ಹಾಸನದಿಂದ ಉದ್ದನೆಯ ಕೇಬಲ್ ತಂದರು. ಲೈನ್‌ಮನ್ನರು ಡಾಂಗಲನ್ನು ಅದರ ತುದಿಗೆ ಸಿಕ್ಕಿಸಿ, ಒಂದು ಬಿದಿರ ಕಡ್ಡಿಗೆ ಟೇಪಿನಿಂದ ಸುತ್ತಿ, ಸೀರೆ ಅಡ್ಡ ಬರದ ಹಾಗೆ ಬಾಗಿಲ ಮೇಲಿನ ಮೂಲೆಗೆ ಏರಿಸಿದರು. "ನೋಡಿ, ಕೊನೇಗೂ ಒಂದು ಕಂಬ ನೆಟ್ಟೆ" ಎಂದು ದೂರ ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅತ್ತೆಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಅಂದಿನಿಂದ ದಿನಾ ಸೀರೆ ಏರಿಸುವ ಮುಂಚೆ ಕೋಲು ಹಿಡಿದು ನಿಂತು, "ಕಳಿಸಿದ್ಯೇನೇ? ಏರಿಸ್ಲಾ?" ಎಂದು ಕೂಗು ಹಾಕುವರು. ಒಂದೊಂದು ದಿನ ನನ್ನ ಕೆಲಸ ತಡವಾದರೆ ಒದ್ದೆ ಸೀರೆ ಬಕೆಟ್ಟಿನಲ್ಲೇ ಕಾಯುತ್ತಿತ್ತು. ಪ್ರೆಸ್ಸಿನ ಕೆಲಸ ಉಳಿಯಿತು. ಈಗಲೂ ಮಾಡುತ್ತಿದ್ದೇನೆ.

ಲೈನ್‌ಮನ್ನರು ಆಮೇಲೆ ಎರಡು ವರ್ಷವಷ್ಟೇ ಇದ್ದರು. ಒಂದು ಮಳೆಗಾಲದಲ್ಲಿ ಜ್ವರ ಬಂತು, ವಾರದಲ್ಲಿ ಹೋಗಿಬಿಟ್ಟರು... ತಿಥಿಯ ದಿನ ಅತ್ತೆಯೂ ನಾನೂ ಅವರ ಮನೆಗೆ ಹೋದೆವು. ಅತ್ತೆ ಒಳಗೆ ಅವರ ಹೆಂಡತಿಯ ಹತ್ತಿರ ಕೂತರು. ನಾನು ಜಗುಲಿಯಲ್ಲಿದ್ದೆ. ಅಲ್ಲೊಬ್ಬ ಮುದುಕರು, ಹಳೇಕೋಟೆಯ ಕಡೆಯವರು, ಒಬ್ಬರೇ ಕೂತಿದ್ದರು. ಲೈನ್‌ಮನ್ನರು ನಿಮಗೇನಾಗಬೇಕು ಎಂದು ಕೇಳಿದೆ.

"ಏನೂ ಆಗ್ಬೇಕಾಗಿಲ್ಲ ಕಣವ್ವಾ" ಎಂದರು. "ಅವ್ನ ಕೈಕೆಳ್ಗೆ ಕೂಲಿಗಿದ್ದೆ. ಹಳ್ಳಿಮೈಸೂರು ಲೈನು ದಿನಾ ಓಗದು. ನಾನೇ ತಂತಿ ಕುಯ್ತಿವ್ನಿ ಅಂತ ಫಾಲ್ಟ್ ಬುಕ್ಕಲ್ ಬರ್ದ. ಕೆಲ್ಸ ಓಯ್ತು. ಆಮ್ಯಾಕೆ ನೋಡುದ್ರೆ ಅರಳೀಮರದ್ ಕೊಂಬೆ, ಗಾಳೀಗೆ ತಾಗದು ಅಷ್ಟೆಯ."

ಆಮೇಲೆ ಅವರು ಸಿಕ್ಕಿದರಾ ಎಂದು ಕೇಳಿದೆ.

"ವರ್ಸಾ ವರ್ಸಾ ನಮ್ ಮನೇಗ್ ಬರೋನು. ಜಗ್ಲಿ ಮ್ಯಾಲೆ ಕೂರೋನು, ಕಾಪಿ ಕುಡ್ಯೋನು. ಏನೋ ಏಳಾಕೆ ಬಾಯ್ ತೆಗ್ಯೋನು... ಮಳೆ ಎಂಗಾಯ್ತು, ರಾಗಿ ಎಂಗದೆ ಅಂತ ಕೇಳ್ಬುಟ್ಟು ಎದ್ದೋಗೋನು. ಇಪ್ಪತ್ತೊರ್ಸ ಇಂಗೇಯ. ಏನೇಳಾಕ್ ಬತ್ತಾನೆ ಅಂತ ನಂಗೂ ಗೊತ್ತಿತ್ತು. ಓಗ್ಲಿ ಬುಡ್ಲಾ ಅಂತ ನಾನಾರ ಅನ್ಬೌದಿತ್ತು. ನಂಗೂ ಬಾಯ್ ಬರ್ನಿಲ್ಲ."

ನಮ್ಮ ಮನೆಯ ಕತೆಯನ್ನು ಅವರಿಗೆ ಹೇಳಿದೆ. ಸೀರೆಯದು ಹೇಳಿದಾಗ ಹಲ್ಲಿಲ್ಲದ ಬಾಯಿ ತೆಗೆದು ನಕ್ಕರು. ಇವತ್ತೇ ಕೇಳಿಬಿಡಿ, ನಾಳೆ ಅಂದರೆ ಗಂಟಲಿಂದ ಬರುವುದಿಲ್ಲ ಎಂದು ಮೆಟ್ಟಿಲ ಮೇಲೆ ಕಾದು ಕೂತಿದ್ದರು ಎಂದಾಗ ನಗು ನಿಂತಿತು.

"ಅಂಗಂದ್ನಾ?" ಎಂದರು.

"ಹಾಗೇ ಅಂದರು."

"ಅಂಗಂದ್ನಾ..." ಎಂದು ಮತ್ತೊಮ್ಮೆ ಕೇಳಿ, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನನ್ನು ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ, ಎದ್ದು ಒಳಗೆ ಹೋಗಿ ಫೋಟೋದ ಮುಂದೆ ನಿಂತು, "ಓಗ್ಲಿ ಬುಡ್ಲಾ" ಎಂದರು. ಜಗುಲಿಯವರೆಗೂ ಕೇಳಿಸಿತು.

ಅತ್ತೆಯೂ ಈಗಿಲ್ಲ. ಆ ಹುಣಸೆಹಣ್ಣಿನ ದಿನದ ಮೇಲೂ ನಾವು ಇನ್ನೂ ಎಷ್ಟೋ ವರ್ಷ, ಉಪ್ಪಿಗೆ, ಸೊಪ್ಪಿಗೆ, ಹೊತ್ತಿಗೊಂದು ಜಗಳ ಆಡಿದೆವು. ಆದರೆ ಅವರು ಹೋದ ದಿನ, ಹೇಳದೆ ಉಳಿಸಿಕೊಂಡ ಮಾತು ಯಾವುದೂ ನನ್ನ ಗಂಟಲಿನಲ್ಲಿ ಇರಲಿಲ್ಲ. ಅದು ಅಲ್ಲಿ ಉಳಿಯದ ಹಾಗೆ ನೋಡಿಕೊಂಡ ಲೈನ್‌ಮನ್ನರಿಗೆ ಮಾತ್ರ ನಾನು ಒಂದು ದಿನವೂ, ನಿಮ್ಮಿಂದ ಉಪಕಾರವಾಯಿತು ಎನ್ನಲಿಲ್ಲ. ಹಿಂದಿನ ಬೀದಿಯಲ್ಲೇ ಇದ್ದಾರಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ.